ಎಷ್ಟು ಅಂತಸ್ತು ಮೋಡ?

ಸರ್ ಹೋದರು ಅನ್ನೋ ಸುದ್ದಿ ಬಂದಾಗ ನಾನು ಟೋಕನ್ ಕೂಗುತ್ತಾ ಇದ್ದೆ. ಚಾಮರಾಜನಗರದ ಒಂದು ಸ್ಕ್ಯಾನಿಂಗ್ ಸೆಂಟರಿನಲ್ಲಿ ಕೌಂಟರಿನ ಹಿಂದೆ ಕೂತು ಹೆಸರು ಕೂಗೋದು, ರಿಪೋರ್ಟಿನ ಕವರು ಕೊಡೋದು, ಇದು ಈಗ ನನ್ನ ಕೆಲಸ. ಮೇಜಿನ ಮೇಲೆ ಫೋನು ಒಂದು ಸಲ ಗುಂಯ್ ಅಂತು. ಮಹದೇವಣ್ಣನ ವಾಯ್ಸ್ ಮೆಸೇಜು. ಮಹದೇವಣ್ಣ ಅಂದರೆ ಮೋಡ ನೋಡೋ ನಮ್ಮ ಹಳೇ ಸ್ಟೇಷನ್ನಿನ ವಾಚ್‌ಮನ್. "ಸರ್ ತೀರ್ಕಂಡ್ರು ಕಣವ್ವ. ಬೆಳಿಗ್ಗೆ ಎದ್ದು ಕಾಪಿ ಕುಡ್ದು ಅಂಗೇ ಒರಗ್ಕಂಡ್ರಂತೆ. ಆರ್ಟು ನಿಂತೋಯ್ತಂತೆ. ನೆಂಟ್ರು ಬರಬೇಕು ಅಂತ ನಾಳಿಕ್ಕೆ ಮಣ್ಣು ಮಡಿಕ್ಕಂಡವ್ರೆ." ಕೇಳಿಸಿಕೊಂಡೆ. ಕೈಮುಗಿದ ಚಿತ್ರ ಒಂದನ್ನು ಒತ್ತಿ ಕಳಿಸಿದೆ. ಮುಂದಿನ ಹೆಸರು ಕೂಗಿದೆ.

ಏನೂ ಅನ್ನಿಸಲಿಲ್ಲ. ಸುಳ್ಳು ಯಾಕೆ ಹೇಳಲಿ? ಮಧ್ಯಾಹ್ನ ಡಬ್ಬಿ ಬಿಚ್ಚಿ ಊಟ ಮಾಡಿದೆ, ಸಾರಿಗೆ ಉಪ್ಪು ಕಮ್ಮಿಯಾಗಿದೆ ಅನ್ನೋದೂ ಗೊತ್ತಾಯಿತು. ಸಂಜೆ ತೆರಕಣಾಂಬಿ ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತಲ್ಲ ಅಂತ ಖುಷಿ ಕೂಡ ಆಯಿತು. ಅವ್ವ ಮಾತ್ರ ಸುದ್ದಿ ಕೇಳಿ "ಅಯ್ಯೋ, ನಿನ್ ಸರ್ರಾ? ಅಂಗಾರೆ ನೀನ್ಯಾಕೆ ಇಂಗ್ ಕುಂತಿದ್ದೀಯ ಕಲ್ಲಿನಂಗೆ?" ಅಂದಳು. ಹೆಂಗೆ ಕೂರಬೇಕಿತ್ತೋ ನನಗೆ ಗೊತ್ತಾಗಲಿಲ್ಲ.

ಅವರ ಹೆಸರು ಬರೆಯೋದಿಲ್ಲ. ಬರೆದರೆ, ಗೊತ್ತಿರೋ ನಾಲ್ಕು ಜನ ಮತ್ತೆ ಆ ಹಳೇ ತಮಾಷೆ ಶುರು ಹಚ್ಚಿಕೊಳ್ಳುತ್ತಾರೆ. ಸತ್ತ ಮೇಲಾದರೂ ಅದು ನಿಲ್ಲಲಿ.

ಭೀಮನಬೀಡಿನವರು. ಲಿಂಗಾಯತರ ಮನೆ, ಜಮೀನಿದ್ದವರು. ಓದಿ, ದೂರದೂರದಲ್ಲಿ ಮೋಡದ ಮೇಲೆ ಕೆಲಸ ಮಾಡಿ, ತಲೆ ನರೆಯೋ ಹೊತ್ತಿಗೆ ಒಂದು ಲೈಡಾರ್ ಯಂತ್ರವನ್ನು ಹಟ ಮಾಡಿ ನಮ್ಮ ಕಡೆಗೇ ತಂದು ಕೂರಿಸಿದರು. ಹಣೆಯ ಮೇಲೆ ಬೆಳಗಿನ ವಿಭೂತಿ, ಮೂಗಿನ ಮೇಲೆ ದಪ್ಪ ಕನ್ನಡಕ. ಆ ಕನ್ನಡಕ ಇಲ್ಲದಿದ್ದರೆ ಎದುರಿಗೆ ನಿಂತಿರೋದು ನಾನೋ ಮಹದೇವಣ್ಣನೋ ಅಂತ ಅವರಿಗೆ ತಿಳಿಯುತ್ತಿರಲಿಲ್ಲ. ದೊಡ್ಡ ದೊಡ್ಡ ಸಂಸ್ಥೆಯವರ ಜೊತೆ ಇಂಗ್ಲಿಷು ಮುತ್ತು ಪೋಣಿಸಿದ ಹಾಗೆ. ಫೋನು ಇಟ್ಟ ತಕ್ಷಣ ನಮ್ಮ ಕಡೆ ತಿರುಗಿ "ಆಯ್ತು ಬುಡು, ಟೀ ಕುಡ್ಯಕೋಗನ" ಅನ್ನೋರು.

ಸ್ಟೇಷನ್ ಇದ್ದದ್ದು ತೆರಕಣಾಂಬಿ ದಾಟಿ ಗುಂಡ್ಲುಪೇಟೆ ಕಡೆ ಹೋಗೋ ರಸ್ತೆಯ ಪಕ್ಕ, ಒಂದು ಹಳೇ ಗೋಡೌನಿನಲ್ಲಿ. ಮೈಸೂರಿನಲ್ಲಿ ಫಿಸಿಕ್ಸ್ ಎಂಎಸ್ಸಿ ಮುಗಿಸಿ ಮನೆಯಲ್ಲಿ ಕೂತಿದ್ದೆ ನಾನು. ಪೇಪರಿನಲ್ಲಿ ಜಾಹೀರಾತು ನೋಡಿ ಇಂಟರ್‌ವ್ಯೂಗೆ ಹೋದೆ. ಅಲ್ಲಿ ಅವರು ಕೇಳಿದ್ದು ಒಂದೇ ಪ್ರಶ್ನೆ. ನನ್ನನ್ನು ಹೊರಗೆ ಕರೆದುಕೊಂಡು ಬಂದು, ಮುಖ ಮೇಲೆತ್ತಿ, "ಎಷ್ಟು ಅಂತಸ್ತು ಅದೆ ನೋಡು" ಅಂದರು. ನನಗೆ ಅರ್ಥವಾಗಲಿಲ್ಲ. "ಮೋಡ ಕಣಮ್ಮಿ. ಎಷ್ಟು ಅಂತಸ್ತು?" ನಾನು ನೋಡಿ ನೋಡಿ, "ಒಂದು ಕಾಣುತ್ತೆ ಸರ್. ಅದರ ಮೇಲೆ ಇದೆಯೋ ಇಲ್ಲವೋ ಗೊತ್ತಾಗ್ತಿಲ್ಲ" ಅಂದೆ. ಅವರ ಮುಖ ಊರಗಲ ಆಯಿತು. "ನಾಳಿಂದ ಬಾ" ಅಂದರು.

ಅವತ್ತಿನಿಂದ ಅದೊಂದು ಪದ್ಧತಿ ಆಯಿತು. ಬೆಳಿಗ್ಗೆ ನಾನು ಬಸ್ಸಿಳಿದು ಗೇಟು ದಾಟುತ್ತಿದ್ದ ಹಾಗೆ ಒಳಗಿಂದ ಕೂಗೋರು, "ಎಷ್ಟು ಅಂತಸ್ತು ಕಣಮ್ಮಿ?" ನಾನು ತಲೆಯೆತ್ತಿ ನೋಡಿ "ಒಂದು ಸರ್" ಅಂತಲೋ "ಎರಡು ಸರ್" ಅಂತಲೋ ಹೇಳಬೇಕು. ಆಮೇಲೇ ಗುಡ್ ಮಾರ್ನಿಂಗು.

ಲೈಡಾರ್ ಅಂದರೆ ಆಕಾಶಕ್ಕೆ ಬೆಳಕು ಎಸೆಯೋ ಯಂತ್ರ. ಒಂದು ಕೋಣೆ, ಕೋಣೆಯ ಸೂರಿನಲ್ಲಿ ಒಂದು ಕಿಂಡಿ, ಕಿಂಡಿಗೆ ದಪ್ಪ ಗಾಜು. ಯಂತ್ರ ಕೆಳಗೆ ಕೂತು ಆ ಗಾಜಿನ ಮೂಲಕ ನೇರ ಮೇಲಕ್ಕೆ ಹಸಿರು ಬೆಳಕು ಬಿಡುತ್ತದೆ. ಮೋಡಕ್ಕೆ ತಾಕಿ ಚೂರುಪಾರು ಬೆಳಕು ಅದೇ ಗಾಜಿನ ಮೂಲಕ ವಾಪಸ್ಸು ಬರುತ್ತದೆ. ಬರೋಕೆ ಎಷ್ಟು ಹೊತ್ತು ಹಿಡಿಯಿತು ಅನ್ನೋದರ ಮೇಲೆ ಮೋಡ ಎಷ್ಟು ಎತ್ತರದಲ್ಲಿದೆ ಅಂತ ಲೆಕ್ಕ ಹಾಕೋದು. ಇಷ್ಟೇ.

ನಮ್ಮ ಕೆಲಸ ಉಪಗ್ರಹದ ಮಾತು ನಿಜವೋ ಅಲ್ಲವೋ ನೋಡೋದು. ಅದನ್ನು ಸರ್ ಊರಿನವರಿಗೆ ಹೇಳೋ ರೀತಿಯೇ ಬೇರೆ. ಹೆಗಲ ಮೇಲಿನ ತೆಳು ಟವಲು ತೆಗೆದು ಮಹದೇವಣ್ಣನ ಕೈಗೆ ಕೊಟ್ಟು ಎತ್ತರಕ್ಕೆ ಹಿಡಿಸೋರು. ಅದರ ಕೆಳಗೆ ಮಹದೇವಣ್ಣನದೇ ಕಂಬಳಿ. "ಮ್ಯಾಲೆ ತೆಳು ಮೋಡ, ಕೆಳಗೆ ದಪ್ಪ ಮೋಡ. ಉಪಗ್ರಹ ಮ್ಯಾಲಿಂದ ನೋಡ್ತದೆ. ಟವಲಿನ ಒಳಗಿಂದ ಕಂಬ್ಳಿನೂ ಕಾಣ್ತದಲ್ಲ, ಅದ್ಕೆ ಗಲಿಬಿಲಿ. ಎರಡನ್ನೂ ಕಲಸಿ, ನಡುಮಧ್ಯ ಒಂದು ಮೋಡ ಅದೆ ಅಂದ್ಬುಡ್ತದೆ. ನಡುಮಧ್ಯ ನೋಡುದ್ರೆ ಏನೂ ಇಲ್ಲ, ಬರೀ ಗಾಳಿ." ಈಗ ಉಪಗ್ರಹದ ಕಡೆಯವರು ಹೊಸ ಲೆಕ್ಕ ಕಂಡುಹಿಡಿದಿದ್ದರು. ಎರಡು ಅಂತಸ್ತು ಇದ್ದರೆ ಎರಡು ಅಂತಲೇ ಹೇಳುತ್ತೇವೆ ಅಂತ. ಅದು ದಿಟವಾ ಅಂತ ಕೆಳಗಿಂದ ಬೆಳಕು ಬಿಟ್ಟು ಪರೀಕ್ಷೆ ಮಾಡೋದಕ್ಕೆ ನಾವು.

ಆದರೆ ಕೆಳಗಿನವರಿಗೂ ಒಂದು ಕಷ್ಟ. ಕೆಳಗಿನ ಮೋಡ ದಪ್ಪಗಿದ್ದರೆ ನಮ್ಮ ಬೆಳಕು ಅಲ್ಲೇ ಸತ್ತುಹೋಗುತ್ತದೆ. ಮೇಲೆ ಏನಿದೆ ಅಂತ ನಮಗೆ ತಿಳಿಯೋದೇ ಇಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನು ಅಂಥ ಕಡೆಯೆಲ್ಲ "ಮೇಲಿನ ಅಂತಸ್ತು: ಇಲ್ಲ" ಅಂತ ತುಂಬಿಬಿಟ್ಟಿದ್ದೆ. ಸರ್ ಬಂದು ಸ್ಕ್ರೀನ್ ನೋಡಿ, ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ಕೇಳಿದರು.

"ನೀ ಓಗಿ ನೋಡ್ಕಂಡ್ ಬಂದ್ಯಾ?"

"ಇಲ್ಲ ಸರ್."

"ಮತ್ತೆ ಇಲ್ಲ ಅಂತ ಯಾರ್ ಯೋಳುದ್ರು ನಿಂಗೆ? ಇಲ್ಲ ಅನ್ಬ್ಯಾಡ. ಕಾಣ್ನಿಲ್ಲ ಅನ್ನು. ಇದೆ ಅನ್ನೋದು ಒಂದು, ಇಲ್ಲ ಅನ್ನೋದು ಒಂದು, ಕಾಣ್ನಿಲ್ಲ ಅನ್ನೋದು ಬ್ಯಾರೆ. ಮೂರನೇದ ಎರಡನೇದ್ರ ಜೊತೆ ಸೇರಿಸ್ದೋನು ಕೆಟ್ಟ."

ಬೆಳಕು ಮೋಡದ ಸಂದಿನಿಂದ ತೂರಿ ನಿಜವಾಗಿ ಮೇಲಿನ ತನಕ ಹೋಗಿದ್ದರೆ ಮಾತ್ರ "ಇಲ್ಲ" ಅನ್ನೋ ಹಕ್ಕು. ಈ ಬುದ್ಧಿ ನನಗೆ ಎಷ್ಟು ಅಂಟಿಕೊಂಡಿದೆ ಅಂದರೆ, ಈಗಲೂ ಕೌಂಟರಿಗೆ ಬಂದವರು ಕವರು ಹಿಡಿದು "ಏನಿಲ್ಲ ತಾನೇ ಅಕ್ಕ?" ಅಂತ ಕೇಳಿದರೆ ನಾನು "ಏನೂ ಕಾಣಲಿಲ್ಲ ಅಂತ ಬರೆದಿದ್ದಾರೆ, ಡಾಕ್ಟರಿಗೆ ತೋರಿಸಿ" ಅಂತೀನಿ. ಅವರ ಮುಖ ಬಾಡುತ್ತದೆ. ನಾನೇನು ಮಾಡಲಿ?

ಊರಿನವರಿಗೆ ನಮ್ಮದು "ಮೋಡ ಒಡೆಯೋ ಮಿಷನ್ನು". ಮುಸ್ಸಂಜೆಯಲ್ಲಿ ಹಸಿರು ಗೆರೆ ಕಾಣುತ್ತಿತ್ತಲ್ಲ, ಅದು ಮೋಡವನ್ನು ಚುಚ್ಚಿ ಮಳೆಯನ್ನು ಓಡಿಸುತ್ತದೆ ಅಂತ ಸುದ್ದಿ. ಒಂದು ಸಲ ಚೆಂಡುಹೂವು ಬೆಳೆಯೋ ಹೆಂಗಸೊಬ್ಬಳು ಕುಡುಗೋಲು ಹಿಡಿದುಕೊಂಡೇ ಗೇಟಿಗೆ ಬಂದಳು. ಓಣಂ ಮುಂದಿಟ್ಟುಕೊಂಡು ಕೇರಳದ ವ್ಯಾಪಾರಿಗಳು ಹೂವಿಗೆ ಬರೋ ಕಾಲ. "ಯಾವನಲಾ ಅವ್ನು ನಮ್ ಮಳೆಗೆ ಕಲ್ಲಾಕೋನು? ಆಚಿಕ್ ಬಾ!" ಸರ್ ಆಚೆ ಬಂದರು. ಕೈ ಮುಗಿದರು. ಒಳಗೆ ಕರೆದು, ಕುರ್ಚಿ ಹಾಕಿ, ಸ್ಕ್ರೀನಿನಲ್ಲಿ ಮೋಡದ ಗೆರೆ ತೋರಿಸಿದರು. ಅವಳು ಬಹಳ ಹೊತ್ತು ನೋಡಿ, "ಅಂಗಾರೆ ನೀವು ಬರೀ ಎಣಿಸೋರಾ? ಒಡ್ಯಲ್ವಾ?" ಅಂದಳು. "ಇಲ್ಲ ಕಣ್ ತಾಯಿ, ಬರೀ ಎಣಿಸೋರು." "ಎಣಿಸಿ ಏನ್ ಬತ್ತದೆ?" ಸರ್ ನಕ್ಕುಬಿಟ್ಟರು. "ಸಂಬ್ಳ ಬತ್ತದೆ" ಅಂದರು. ಅವಳು ಹೋಗೋವಾಗ ಮಡಿಲಿನಿಂದ ಒಂದು ಬೊಗಸೆ ಹೂವು ತೆಗೆದು ಯಂತ್ರದ ಮೇಲೆ ಹಾಕಿ ಹೋದಳು. ಮುಂದಿನ ವಾರ ಮತ್ತೆ ಬಂದು ಹಾಕಿದಳು.

ಇಷ್ಟು ಹೇಳಿದರೆ ಅವರು ಬಹಳ ತಾಳ್ಮೆಯವರು ಅನ್ನಿಸಬಹುದು. ಇಲ್ಲ. ಸಿಡುಕರು. ಗಾಜಿನ ವಿಷಯದಲ್ಲಂತೂ ಮೈಮೇಲೆ ಬಂದವರ ಹಾಗೆ ಆಡೋರು. ಸೂರಿನ ಗಾಜಿನ ಹೊರಮೈ ಒರೆಸೋದು ನನ್ನ ಪಾಲಿನ ಕೆಲಸ. ಏಣಿ ಹತ್ತಿ ಮೇಲೆ ಹೋದರೆ ಕೆಳಗಿಂದ ಕೂಗು ಶುರು. "ಮೊದ್ಲು ಊದು! ಊದ್ದಾ? ಈಗ ನೀರು ಬುಡು. ಒಣ ಬಟ್ಟೆ ತಾಕಿಸೀಯ ಮತ್ತೆ! ನಡುವಿಂದ ಅಂಚಿಗೆ, ನಡುವಿಂದ ಅಂಚಿಗೆ. ಒರಸ್ದ್ಯಾ? ಈಗ ಇಳ್ದ್ ಬಂದು ಗಾಜಿನ್ ಒಳಗಿಂದ ಆಕಾಶಕ್ ನೋಡು." ಒಂದು ಸಲ ನಾನು ಸೆರಗಿನಲ್ಲಿ ಒರೆಸಿದ್ದು ಗೊತ್ತಾಗಿ ಇಡೀ ದಿನ ಮಾತು ಬಿಟ್ಟಿದ್ದರು. ಒಳಮೈಗೆ ಮಾತ್ರ ಯಾರೂ ಕೈ ಹಾಕುತ್ತಿರಲಿಲ್ಲ. ಕೋಣೆಗೆ ಎಸಿ, ಬಾಗಿಲು ಸದಾ ಮುಚ್ಚಿರೋದು, ಅಲ್ಲಿಗೆ ಧೂಳು ಎಲ್ಲಿಂದ ಬರಬೇಕು?

ಈಗ ಆಯುಧಪೂಜೆಗೆ ಬರುತ್ತೀನಿ.

ನಮ್ಮ ಕಡೆ ಆಯುಧಪೂಜೆ ಅಂದರೆ ಸುಮ್ಮನೆ ಅಲ್ಲ. ಸೈಕಲ್ಲಿಗೂ ಪೂಜೆ, ಮಿಕ್ಸಿಗೂ ಪೂಜೆ, ಬಸ್ಸಿಗಂತೂ ಬಾಳೆಕಂದು. ಲೈಡಾರ್‌ಗೆ ಬಿಡುತ್ತಾರೆಯೇ? ಯಂತ್ರ ನಿಲ್ಲಿಸಿ, ಕೋಣೆ ತೊಳೆದು, ನಾನು ರಂಗೋಲಿ ಹಾಕಿದೆ. ಮಹದೇವಣ್ಣ ಬೂದುಗುಂಬಳಕಾಯಿ ತಂದಿದ್ದ. ಕಂಪ್ಯೂಟರಿಗೆ ಹೂವು, ಏಣಿಗೆ ಕುಂಕುಮ. ಸರ್ ಮನೆಯಿಂದ ವಿಭೂತಿ ಗಟ್ಟಿ ತಂದು, ನೀರಲ್ಲಿ ಅದ್ದಿ, ಯಂತ್ರದ ಮೈಗೆ ಮೂರು ಬೆರಳು ಎಳೆದರು. ಆಮೇಲೆ ತಲೆಯೆತ್ತಿ ಸೂರಿನ ಗಾಜು ನೋಡಿದರು. "ಎಲ್ಲಾ ಕೆಲ್ಸ ಮಾಡೋದು ಇದು. ಇದ ಬುಟ್ರೆ ಎಂಗೆ?" ಅಂತ ಸ್ಟೂಲು ಹತ್ತಿ ಗಾಜಿನ ಒಳಮೈಗೂ ಮೂರು ಪಟ್ಟೆ ಎಳೆದರು. ಮಂಗಳಾರತಿ ಆಯಿತು, ಮಂಡಕ್ಕಿ ಹಂಚಿದ್ದಾಯಿತು. ಯಂತ್ರ ಶುರು ಮಾಡೋ ಮುಂಚೆ ಸರ್ ಮತ್ತೆ ಸ್ಟೂಲು ಹತ್ತಿ, ಹೆಗಲ ಮೇಲಿನ ಟವಲಿನಿಂದ ಪಟ್ಟೆಗಳನ್ನು ಒರೆಸಿ ಕೆಳಗಿಳಿದರು. ಟವಲಿನಿಂದ. ಒಣ ಟವಲಿನಿಂದ. ಹಬ್ಬದ ಗಡಿಬಿಡಿ, ಹೊಟ್ಟೆ ಬೇರೆ ಹಸಿದಿತ್ತು, ಯಾರಿಗೂ ಅದು ಹೊಳೆಯಲಿಲ್ಲ. ಕಣ್ಣಿಗೆ ಗಾಜು ಶುಭ್ರವಾಗೇ ಇತ್ತು.

ಆ ಹಬ್ಬ ಬರೋದೇ ನಮಗೆ ಮುಖ್ಯವಾದ ಕಾಲದಲ್ಲಿ. ತಮಿಳುನಾಡಿನ ಕಡೆಯಿಂದ ಹಿಂಗಾರು ಮೋಡ ಬರುತ್ತದೆ. ಕೆಳಗೆ ದಪ್ಪಗೆ, ಮೇಲೆ ನೂಲಿನ ಹಾಗೆ ತೆಳ್ಳಗೆ. ಉಪಗ್ರಹದ ಹೊಸ ಲೆಕ್ಕ ದಿನಾ "ಎರಡು ಅಂತಸ್ತು, ಎರಡು ಅಂತಸ್ತು" ಅಂತ ಕಳಿಸುತ್ತಿತ್ತು. ನಮ್ಮ ಬೆಳಕು ಕೆಳಗಿನ ಮೋಡದ ಸಂದಿನಿಂದ ತೂರಿ ಮೇಲೆ ಹೋಗುತ್ತಿತ್ತು, ಮೇಲಿಂದ ಮಾತ್ರ ಏನೂ ವಾಪಸ್ಸು ಬರುತ್ತಿರಲಿಲ್ಲ. ದಿನ ಬಿಟ್ಟು ದಿನ ಅದೇ ಕಥೆ. ಮೊದಲು ಸರ್ ನಂಬಲಿಲ್ಲ. ಆಮೇಲೆ ಅವರ ನಡಿಗೆಯೇ ಬದಲಾಯಿತು. "ಕಣಮ್ಮಿ, ಉಪಗ್ರಹ ಇಲ್ಲದ ಮೋಡ ಉಟ್ಟಿಸ್ತಾ ಅದೆ! ಇದು ಸಣ್ಣ ವಿಷ್ಯ ಅಲ್ಲ." ವಾಪಸ್ಸು ಬರೋ ಬೆಳಕು ಒಟ್ಟಾರೆ ಸ್ವಲ್ಪ ಮಂಕಾಗಿದೆಯಲ್ಲ ಸರ್ ಅಂತ ನಾನು ಕೇಳಿದ್ದಕ್ಕೆ, "ಗಾಳೀಲಿ ತೇವ ಕಣಮ್ಮಿ, ಹಿಂಗಾರಲ್ವಾ" ಅಂದರು. ನನಗೂ ಸರಿ ಅನ್ನಿಸಿತು. ಆ ಹಂಗಾಮಿನಲ್ಲಿ, ನನಗೆ ಪಾಠ ಹೇಳಿದ ಅದೇ ಮನುಷ್ಯ, "ಇಲ್ಲ" ಅನ್ನೋ ಸಾಲನ್ನು ತುಂಬುತ್ತಾ ಹೋದರು.

ಲೇಖನ ತಯಾರಾಯಿತು. ದೊಡ್ಡ ಜರ್ನಲ್ಲಿಗೆ. ಅವರ ಹೆಸರಿನ ಪಕ್ಕ ನನ್ನ ಹೆಸರು. ನಮ್ಮ ಬೀದಿಯಲ್ಲಿ ಯಾರ ಹೆಸರೂ ಮದುವೆ ಕಾಗದ ಬಿಟ್ಟು ಬೇರೆಲ್ಲೂ ಅಚ್ಚಾಗಿದ್ದಿಲ್ಲ. ಅವ್ವ ಆಗಲೂ ಕೂಲಿಗೆ ಹೂವು ಬಿಡಿಸೋಕೆ ಹೋಗುತ್ತಿದ್ದಳು. ಅವಳಿಗೆ ನನ್ನ ಹೆಸರನ್ನು ಸ್ಕ್ರೀನಿನಲ್ಲಿ ತೋರಿಸಿದರೆ, ಬೆರಳಿನಿಂದ ಮುಟ್ಟಿ ನೋಡಿದಳು. ಅದರ ಮೇಲೆ ನನ್ನ ಪಿಎಚ್‌ಡಿ ನಿಂತಿತ್ತು. ಅದರ ಮೇಲೇ ಸ್ಟೇಷನ್ನೂ ನಿಂತಿತ್ತು. ಇನ್ನಷ್ಟು ವರ್ಷ ನಡೆಸೋಕೆ ಮೇಲಿನವರು ಒಪ್ಪೋದು ಆ ಫಲಿತಾಂಶ ನೋಡಿ ಅಂತ ನಮಗೆಲ್ಲ ಗೊತ್ತಿತ್ತು.

ಬೇಸಿಗೆ ಶುರುವಿನಲ್ಲಿ ಸರ್ವೀಸಿಗೆ ಅಂತ ಸೂರಿನ ಗಾಜು ಕಳಚಿದೆವು. ಕೆಳಗಿಳಿಸಿ ಮೇಜಿನ ಮೇಲೆ ಇಟ್ಟು, ಅವರು ಕಲಿಸಿದ ಹಾಗೇ ಊದಿ, ನೀರು ಬಿಟ್ಟು, ಒಳಮೈ ಒರೆಸಿದೆ. ಬಟ್ಟೆ ಬೆಳ್ಳಗಾಯಿತು. ಇನ್ನೊಂದು ಬಟ್ಟೆ ತಗೊಂಡೆ. ಅದೂ ಬೆಳ್ಳಗಾಯಿತು. "ಸರ್, ಇದೇನಿದು?" ಅಂದೆ. ಅವರು ಬಟ್ಟೆ ಇಸಿದುಕೊಂಡು ಮೂಗಿನ ಹತ್ತಿರ ಹಿಡಿದರು. ಆಮೇಲೆ ಸ್ಟೂಲಿನ ಮೇಲೆ ಕೂತರು. ಬಹಳ ಹೊತ್ತು ಕೂತರು.

"ನಂದೇ ಕಣಮ್ಮಿ" ಅಂದರು.

ಗಾಜಿನ ತುಂಬ ಕಣ್ಣಿಗೆ ಕಾಣದಷ್ಟು ತೆಳ್ಳಗೆ ವಿಭೂತಿ ಹರಡಿಕೊಂಡಿತ್ತು. ಹಬ್ಬದ ದಿನದಿಂದ. ದಪ್ಪ ಮೋಡದ ಬೆಳಕು ಅದನ್ನು ದಾಟಿ ಬರುತ್ತಿತ್ತು. ಮೇಲಿನ ನೂಲಿನಂಥ ಮೋಡದಿಂದ ಬರೋ ಬಡಕಲು ಬೆಳಕು ಅಷ್ಟು ದೂರದಿಂದ ಬಂದು, ಮನೆ ಬಾಗಿಲಲ್ಲಿ ಸೋತುಹೋಗುತ್ತಿತ್ತು. ಉಪಗ್ರಹ ಹೇಳಿದ್ದೇ ದಿಟವಿದ್ದೀತು. ನಮಗೆ ಕಂಡಿರಲಿಲ್ಲ, ಅಷ್ಟೇ. ಲೇಖನ ಆಗಲೇ ಕಳಿಸಿಯಾಗಿತ್ತು.

ಆಗ ನಾನು ಹೇಳಿದ್ದನ್ನು ಇವತ್ತೂ ಹೇಳುತ್ತೀನಿ, ನನಗೇನೂ ನಾಚಿಕೆ ಇಲ್ಲ. "ಸರ್, ವಾಪಸ್ ತಗೊಳ್ಳಿ, ಬೇಡ ಅನ್ನಲ್ಲ. ಆದರೆ ಗಾಜಿಗೆ ಧೂಳು ಕೂತಿತ್ತು ಅನ್ನಿ. ಎಲ್ಲರ ಯಂತ್ರದಲ್ಲೂ ಧೂಳು ಕೂರುತ್ತೆ. ಇನ್ನೊಂದು ಹಂಗಾಮು ಕೊಡಿ ಅಂತ ಕೇಳಿ. ಕೊಡ್ತಾರೆ." ಮಹದೇವಣ್ಣನೂ ಸೇರಿಕೊಂಡ. "ಊ ಕಣ್ ಸರ್, ಧೂಳು ಅಂದ್ಬುಡಿ. ಇಬೂತಿನೂ ಒಂಥರಾ ಧೂಳೇ ಅಲ್ವಾ?"

ಸರ್ ನಮ್ಮಿಬ್ಬರ ಮುಖ ನೋಡಿದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಧೂಳು ತಾನಾಗೇ ಬಂದು ಕುಂತ್ಕತದೆ. ಇದ ನಾನ್ ಅಚ್ಚಿದ್ದು" ಅಂದರು.

ಆನ್‌ಲೈನ್ ಮೀಟಿಂಗಿನಲ್ಲಿ ಉಪಗ್ರಹದ ಕಡೆಯವರೆಲ್ಲ ಕೂತಿದ್ದರು, ಚೌಕ ಚೌಕವಾಗಿ. ಸರ್ ಅವತ್ತೂ ವಿಭೂತಿ ಇಟ್ಟುಕೊಂಡೇ ಕ್ಯಾಮೆರಾ ಮುಂದೆ ಕೂತರು. ನಾನು ಪಕ್ಕದಲ್ಲಿ. ಅದೇ ಮುತ್ತಿನಂಥ ಇಂಗ್ಲಿಷಿನಲ್ಲಿ ಹೇಳಿದರು: ಆಯುಧಪೂಜೆಯ ದಿನ ನಾನು ನನ್ನ ಕೈಯಾರೆ ಗಾಜಿನ ಒಳಮೈಗೆ ವಿಭೂತಿ ಹಚ್ಚಿದೆ, ಸರಿಯಾಗಿ ಒರೆಸಲಿಲ್ಲ, ಅಲ್ಲಿಂದೀಚೆಗೆ ನಾವು ಇಲ್ಲ ಅಂದದ್ದನ್ನೆಲ್ಲ ಕಾಣಲಿಲ್ಲ ಅಂತ ತಿದ್ದಿಕೊಳ್ಳಿ, ಲೇಖನ ವಾಪಸ್ಸು ತಗೊಳ್ಳುತ್ತಾ ಇದ್ದೇನೆ. ಆಮೇಲೆ ಕ್ಯಾಮೆರಾ ಆಫ್ ಮಾಡಿಕೊಂಡಿದ್ದ ಯಾರೋ ಒಬ್ಬರು ಕಿಸಕ್ಕನೆ ನಕ್ಕರು. ಮೈಕು ಆಫ್ ಮಾಡೋದು ಮರೆತಿದ್ದರು ಅಂತ ಕಾಣುತ್ತದೆ. ಸರ್ "ಥ್ಯಾಂಕ್ಯೂ" ಅಂತ ಮೀಟಿಂಗು ಮುಗಿಸಿದರು.

ಅದಾದ ಮೇಲೆ ಹುಟ್ಟಿದ್ದು "ಭಸ್ಮ ಮೋಡ" ಅನ್ನೋ ತಮಾಷೆ. ನೆಲದಲ್ಲಿ ಹುಟ್ಟಿ ಮಂಗಳಾರತಿಗೆ ಕರಗೋ ಹೊಸ ಜಾತಿಯ ಮೋಡ ಅಂತೆ. ನನ್ನ ಜೊತೆ ಓದಿದವಳೊಬ್ಬಳು ಎಲ್ಲಿಂದಲೋ ಅದನ್ನು ನನಗೇ ಫಾರ್ವರ್ಡ್ ಮಾಡಿದಳು, ಅದು ನಮ್ಮದೇ ಅಂತ ತಿಳಿಯದೆ. ಸ್ಟೇಷನ್ ಮುಂದುವರಿಯಲಿಲ್ಲ. ವಿಭೂತಿಗೇ ಮುಂದುವರಿಯಲಿಲ್ಲವೋ, ಬೇರೆ ಕಾರಣಕ್ಕೋ, ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಧೂಳು ಅಂದಿದ್ದರೆ ಉಳಿಯುತ್ತಿತ್ತು ಅನ್ನೋದು ನನ್ನ ನಂಬಿಕೆ. ಸಾಕ್ಷಿ ಇಲ್ಲ. ಯಂತ್ರವನ್ನು ಮರದ ಪೆಟ್ಟಿಗೆಗೆ ಹಾಕಿ ಲಾರಿಗೆ ಏರಿಸಿದ ದಿನ ಆ ಹೂವಿನ ಹೆಂಗಸು ದಾರಿಯಲ್ಲಿ ನಿಂತು ನೋಡಿದಳು. "ಎಣ್ಸಿ ಮುಗೀತಾ?" ಅಂತ ಕೇಳಿದಳು.

ನನಗೆ ಅವರ ಮೇಲೆ ಕೋಪ ಇತ್ತು. ಅವರಿಗೆ ಪಿಂಚಣಿ ಇತ್ತು, ಮನೆ ಇತ್ತು, ಜಮೀನಿತ್ತು. ಸತ್ಯ ಹೇಳಿ ಊರಿಗೆ ಹೋಗಿ ಕೂರಬಹುದಿತ್ತು, ಹೋಗಿ ಕೂತರು. ನನಗೇನಿತ್ತು? ಎರಡಕ್ಷರದ ಒಂದು ಮಾತು ಬದಲಾಯಿಸಿದ್ದರೆ ನಾನು ಇವತ್ತು ಟೋಕನ್ ಕೂಗುತ್ತಿರಲಿಲ್ಲ. ಅವರು ಮಾಡಿದ್ದು ತಪ್ಪು ಅಂತ ನನ್ನ ಬಾಯಲ್ಲಿ ಬರೋದಿಲ್ಲ. ಸರಿ ಅನ್ನೋಕೂ ಬರೋದಿಲ್ಲ.

ಆಮೇಲೆ ಒಂದು ಸಲ ತೆರಕಣಾಂಬಿ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದ್ದರು. ಕೈಯಲ್ಲಿ ಈರುಳ್ಳಿ ಚೀಲ. ನನ್ನನ್ನು ನೋಡಿ ಕಣ್ಣು ಕಿರಿದು ಮಾಡಿ, ಗುರುತು ಹಿಡಿದು, ಮುಖ ಅರಳಿಸಿ, ಹಳೇ ಅಭ್ಯಾಸದಲ್ಲಿ ಕೇಳಿದರು. "ಎಷ್ಟು ಅಂತಸ್ತು ಕಣಮ್ಮಿ?"

"ನೋಡಿಲ್ಲ ಸರ್" ಅಂದೆ. ಬಸ್ಸು ಹತ್ತಿದೆ.

ಕೊನೆಗೆ ನೋಡಿದ್ದು ನಮ್ಮ ಸ್ಕ್ಯಾನಿಂಗ್ ಸೆಂಟರಿನಲ್ಲೇ. ಹೊಟ್ಟೆ ನೋವು ಅಂತ ಹೆಂಡತಿಯ ಜೊತೆ ಬಂದಿದ್ದರು. ಇಳಿದುಹೋಗಿದ್ದರು. ಸ್ಕ್ಯಾನು ಆಗಿ, ನಾನೇ ಕವರು ಕೊಟ್ಟೆ. ಅಲ್ಲೇ ನಿಂತು ಬಿಚ್ಚಿ, ಕನ್ನಡಕ ಏರಿಸಿ ಓದಿದರು. "ಏನೂ ಕಾಣಲಿಲ್ಲ ಅಂತ ಬರ್ದವ್ರೆ. ಇಲ್ಲ ಅಂದಿಲ್ಲ. ಒಳ್ಳೇ ಡಾಕ್ಟ್ರು ಕಣಮ್ಮಿ" ಅಂತ ನಕ್ಕರು. ಆಮೇಲೆ ಬಾಗಿಲ ಕಡೆ, ಆಚೆ ಆಕಾಶದ ಕಡೆ ನೋಡಿ, ನನ್ನ ಕಡೆ ತಿರುಗಿದರು. ಏನು ಕೇಳುತ್ತಾರೆ ಅಂತ ನನಗೆ ಗೊತ್ತಿತ್ತು. ಕೇಳೋ ಮುಂಚೆ ಮುಂದಿನ ಟೋಕನ್ ಕೂಗಿದೆ. ಅವರ ಹೆಂಡತಿ ನನ್ನನ್ನೇ ಒಂದು ಕ್ಷಣ ನೋಡಿದರು. ಆಮೇಲೆ ಅವರ ತೋಳು ಹಿಡಿದು ಮೆಟ್ಟಿಲು ಇಳಿಸಿದರು.

ಮಣ್ಣಿನ ದಿನ ಅರ್ಧ ದಿನ ರಜೆ ಹಾಕಿ ಭೀಮನಬೀಡಿಗೆ ಹೋದೆ. ಅವ್ವ ಬಲವಂತ ಮಾಡಿ ಕಳಿಸಿದಳು. ಆ ಬೀದಿಯಲ್ಲಿ ನಮ್ಮವರು ಎಲ್ಲಿ ನಿಲ್ಲಬೇಕು ಅಂತ ಯಾರೂ ಹೇಳಿಕೊಡಬೇಕಾಗಿಲ್ಲ. ಬೇವಿನ ಮರದ ಕೆಳಗೆ ಮಹದೇವಣ್ಣ ಆಗಲೇ ನಿಂತಿದ್ದ. ಪಕ್ಕದಲ್ಲಿ ಹೋಗಿ ನಿಂತೆ. ಅವನ ಕಣ್ಣು ಕೆಂಪಾಗಿತ್ತು. ನನ್ನದು ಒಣಗಿತ್ತು.

ಮನೆ ಮುಂದೆ ಚಪ್ಪರದ ಕೆಳಗೆ ಸರ್‌ನ ಕೂರಿಸಿದ್ದರು. ಅವರಲ್ಲಿ ಕೂರಿಸೋದೇ ಪದ್ಧತಿ. ಮೈಗೆ ಬಿಳೀ ಪಂಚೆ, ಕೊರಳಿಗೆ ಹಾರ, ಮುಖಕ್ಕೆ ಕನ್ನಡಕ. ಕನ್ನಡಕ ತೆಗೆಯೋಣ ಅಂದದ್ದಕ್ಕೆ ಹೆಂಡತಿ ಒಪ್ಪಲಿಲ್ಲವಂತೆ. "ಕನ್ನಡ್ಕ ಇಲ್ದೆ ಅವ್ರಿಗೆ ದಾರಿ ಎಂಗ್ ಕಾಣ್ತದೆ?" ಅಂದರಂತೆ. ಅಯ್ನೋರು ಮಂತ್ರ ಹೇಳುತ್ತಿದ್ದರು. ಬಂದವರೆಲ್ಲ ಒಬ್ಬೊಬ್ಬರಾಗಿ ಹೋಗಿ ಹಣೆಗೆ ವಿಭೂತಿ ಹಚ್ಚುತ್ತಿದ್ದರು. ಒಬ್ಬರ ಮೇಲೆ ಒಬ್ಬರು ಹಚ್ಚಿ, ಪುಡಿ ಉದುರಿ ಉದುರಿ, ಕನ್ನಡಕದ ಗಾಜೆರಡೂ ಬೆಳ್ಳಗೆ ಮುಚ್ಚಿಹೋಗಿದ್ದವು.

ನಾನು ಅದನ್ನೇ ನೋಡುತ್ತಾ ನಿಂತೆ. ಬೇರೆ ಏನೂ ಕಾಣಿಸಲಿಲ್ಲ. ಎಲ್ಲರೂ ಅವರ ಮುಖ ನೋಡುತ್ತಿದ್ದರು, ಯಾರಿಗೂ ಗಾಜು ಕಾಣುತ್ತಿರಲಿಲ್ಲವಾ? ಇನ್ನೊಬ್ಬರು ಬಂದರು, ಇನ್ನೊಂದು ಚಿಟಿಕೆ ಉದುರಿತು. ನನಗೆ ತಡೆಯೋಕೆ ಆಗಲಿಲ್ಲ. ಮಹದೇವಣ್ಣ "ಏಯ್, ಎಲ್ಲಿಗವ್ವ?" ಅಂದ. ಅಷ್ಟರಲ್ಲಿ ನಾನು ಚಪ್ಪರದೊಳಗಿದ್ದೆ. ಬಗ್ಗಿ ಕನ್ನಡಕ ತೆಗೆದೆ.

"ಯಾರಮ್ಮ ನೀನು? ಏನ್ ಮಾಡ್ತಿದ್ದೀಯ?" ಯಾರೋ ಗಂಡಸರು ಜೋರಾಗಿ ಅಂದರು. ಅಯ್ನೋರ ಮಂತ್ರ ನಿಂತಿತು.

"ಗಾಜಿಗೆ ವಿಭೂತಿ ಕೂತಿದೆ" ಅಂದೆ. ನನ್ನ ದನಿ ನನಗೇ ಯಾರದೋ ಅನ್ನಿಸಿತು.

ಕೆಳಗೆ ಕೂತಿದ್ದ ಅವರ ಹೆಂಡತಿ ತಲೆಯೆತ್ತಿದರು. "ಸುಮ್ಕಿರಿ. ಒರಸ್ಲಿ" ಅಂದರು.

ಮೊದಲು ಊದಿದೆ. ಪಕ್ಕದಲ್ಲಿದ್ದ ಚೆಂಬಿನಿಂದ ನೀರು ಬಿಟ್ಟೆ. ವೇಲಿನ ಮೆತ್ತನೆ ತುದಿಯನ್ನು ಅದೇ ನೀರಿನಲ್ಲಿ ಅದ್ದಿ, ನಡುವಿಂದ ಅಂಚಿಗೆ, ನಡುವಿಂದ ಅಂಚಿಗೆ ಒರೆಸಿದೆ. ಹೊರಮೈ ಶುಭ್ರವಾಯಿತು. ವಾಪಸ್ಸು ಹಾಕೋಕೆ ಬಗ್ಗಿದೆ.

"ಒಳಗಡೀಕೂ ಒರಸವ್ವ" ಅಂದರು ಅವರ ಹೆಂಡತಿ. ಮೆಲ್ಲಗೆ, ನನಗೆ ಮಾತ್ರ ಕೇಳೋ ಹಾಗೆ. "ಅದೊಂದ ಸರ್ಯಾಗಿ ಒರಸ್ನಿಲ್ಲ ಅಂತ ದಿನಾ ಕೊರಗೋರು. ಆ ಉಡುಗಿ ಅನ್ನಕ್ ಮಣ್ಣಾಕ್ಬುಟ್ಟೆ ಅನ್ನೋರು."

ನಾನು ಒಳಮೈ ಒರೆಸಿದೆ. ವೇಲಿನ ತುದಿ ಬೆಳ್ಳಗಾಯಿತು. ಮಡಚಿ ಇನ್ನೊಂದು ಕಡೆಯಿಂದ ಒರೆಸಿದೆ. ಬೆಳ್ಳಗಾಗೋದು ನಿಲ್ಲೋ ತನಕ ಒರೆಸಿದೆ. ಆಮೇಲೆ ಚಪ್ಪರದ ಅಂಚಿಗೆ ಬಂದು, ಅವರು ಹೇಳಿಕೊಟ್ಟ ಹಾಗೆ, ಗಾಜನ್ನು ಆಕಾಶಕ್ಕೆ ಹಿಡಿದು ನೋಡಿದೆ. ಕೆಳಗೆ ದಪ್ಪ ಮೋಡ ಒಡೆದು ಒಡೆದು ಹೋಗುತ್ತಿತ್ತು. ಅದರ ಸಂದಿನಲ್ಲಿ, ಬಹಳ ಎತ್ತರದಲ್ಲಿ, ನೂಲಿನಂಥ ಇನ್ನೊಂದು ಇತ್ತು.

ವಾಪಸ್ಸು ಬಂದು ಕನ್ನಡಕವನ್ನು ಅವರ ಮುಖಕ್ಕೆ ಹಾಕಿದೆ. ಕಿವಿಯ ಹಿಂದೆ ಕಡ್ಡಿ ಸರಿ ಮಾಡಿದೆ. ಕೇಳೋರು ಕೇಳಲಿಲ್ಲ, ಆದರೂ ಹೇಳಿದೆ.

"ಎರಡು ಸರ್."